ಒಲಿದವರ ಮದುವೆಗೆ ಒಪ್ಪುವ ತಾಣ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಮದುವೆಯ ಛಾಯಾಚಿತ್ರಗಳಿಗೆ ತಕ್ಕ ತಾಣಗಳನ್ನು ಕುರಿತು ಮಾತನಾಡಬೇಕೆಂದು ಕಾರ್ಯಸಮಿತಿಯವರು ಅಪ್ಪಣೆ ಮಾಡಿದಾಗ ನಮಗೆ ಕೊಂಚ ನಗೆ ಬಂದುದು ನಿಜ. ನಾಡುನುಡಿಗಳ ವಿಚಾರವನ್ನು ಚರ್ಚಿಸುವ ವೇದಿಕೆಯಲ್ಲಿ ಇದೆಂತಹ ವಿಷಯವೆಂದು ಹಿರಿಯರು ಕೆಲವರು ಹುಬ್ಬೇರಿಸಿಯೂ ಇರಬಹುದು. ಆದರೆ ಡೆಂಕಣಿಕೋಟೆಯ ಸುತ್ತಿನ ಕೆರೆಯ ಏರಿಗಳ ಮೇಲೂ ಬಂಡೆಗಳ ಮೇಲೂ ಮುಂಜಾನೆ ಕ್ಯಾಮೆರಾ ಹಿಡಿದ ತರುಣರನ್ನೂ ರೇಷ್ಮೆ ಸೀರೆಯುಟ್ಟ ಹೆಣ್ಣುಮಕ್ಕಳನ್ನೂ ಕಾಣದವರು ಇಲ್ಲಿ ಯಾರಿದ್ದಾರೆ? ಅವರಲ್ಲಿ ಹೆಚ್ಚಿನವರು ಎರಡೂ ಮನೆಯವರ ಒಪ್ಪಿಗೆ ಪಡೆದು ಬಂದವರು. ಎಲ್ಲೋ ಒಂದು ಜೋಡಿ ಇಬ್ಬರು ಗೆಳೆಯರನ್ನು ಮಾತ್ರ ಜತೆಗೆ ಕರೆದುಕೊಂಡು, ರಸ್ತೆಯ ಕಡೆಗೆ ಮತ್ತೆ ಮತ್ತೆ ತಿರುಗಿ ನೋಡುತ್ತ ನಿಂತಿರುವುದುಂಟು. ಈ ಎರಡನೆಯ ಬಗೆಯವರನ್ನು ನೆನೆದ ಮೇಲೆ ವಿಷಯವು ನಮಗೆ ಅಷ್ಟು ಹಗುರವಾಗಿ ತೋರಲಿಲ್ಲ.

ಮನೆ ಬಿಟ್ಟು ಹೋಗಿ ಮದುವೆಯಾಗುವುದಕ್ಕೆ ಇಂಗ್ಲಿಷಿನಲ್ಲಿ ‘ಇಲೋಪ್‌ಮೆಂಟ್’ ಎಂಬ ಶಬ್ದವಿದೆ. ಪಶ್ಚಿಮ ದೇಶಗಳಲ್ಲಿ ಈಚೆಗೆ ಆ ಶಬ್ದದ ಕೆಡುಕೆಲ್ಲ ತೊಳೆದುಹೋಗಿ, ಬೆಟ್ಟದ ನೆತ್ತಿಯಲ್ಲಿಯೋ ಕಡಲ ದಡದಲ್ಲಿಯೋ ನಾಲ್ವರ ಎದುರಿಗೆ ನಡೆಯುವ ಚಿಕ್ಕ ಮದುವೆಗೆ ಅದೇ ಹೆಸರು ನಿಂತಿದೆ. ನಮ್ಮ ‘ಓಡಿಹೋದರು’ ಎಂಬ ಮಾತಿಗೆ ಆ ಸೊಗಸು ಇನ್ನೂ ಬಂದಿಲ್ಲ. ಅದನ್ನು ಇಂದಿಗೂ ದನಿ ತಗ್ಗಿಸಿಯೇ ಆಡುವರು.

ಬಯಲಿನ ಮದುವೆಯು ಮಾತ್ರ ನಮಗೆ ಹೊಸದೇನೂ ಅಲ್ಲ. ಮನೆಯ ಮುಂದೆ ಹಸಿರು ಚಪ್ಪರ ಹಾಕಿ, ಬಾಳೆಯ ಕಂಬ ಕಟ್ಟಿ, ಅಂಗಳದಲ್ಲಿಯೇ ಧಾರೆಯೆರೆದು ಕೊಡುತ್ತಿದ್ದ ಕಾಲವನ್ನು ಈ ಸಭೆಯ ಅಜ್ಜಿಯರು ಬಲ್ಲರು. ಅರುಂಧತಿಯನ್ನು ತೋರಿಸಲು ಆಕಾಶವಾದರೂ ಬೇಕಷ್ಟೆ! ಕಲ್ಯಾಣಮಂಟಪಗಳು ಬಂದ ಮೇಲೆ, ವಿದ್ಯುದ್ದೀಪಗಳ ಕೆಳಗೆ ನಿಂತು ಚಾವಣಿಯ ಕಡೆಗೆ ಬೆರಳು ಮಾಡಿ “ಅಗೋ ಅರುಂಧತಿ” ಎನ್ನುವ ಪುರೋಹಿತರನ್ನೂ ನಾವು ಕಂಡಿದ್ದೇವೆ.

ಇನ್ನು ತಾಣಗಳ ಮಾತು. ನಮ್ಮೂರಿನ ಬೇಟರಾಯಸ್ವಾಮಿಯ ಗುಡಿಯನ್ನೇ ಮೊದಲು ಹೇಳಬೇಕು. ದೇವರ ಹೆಸರನ್ನು ಊರವರು ಬೇಟೆಯೊಡನೆ ಕೂಡಿಸಿ ಹೇಳುವರು. ಹಳಗನ್ನಡವನ್ನು ಓದಿದವರಿಗೆ ‘ಬೇಟ’ವೆಂದರೆ ಒಲವು ಎಂಬುದೂ ನೆನಪಾದೀತು. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವು ಹತ್ತಲು ಸುಲಭ, ನೋಟವೂ ವಿಶಾಲ. ತಳಿಯ ತಂಪನ್ನು ಮೆಚ್ಚಿ ಬ್ರಿಟಿಷರು ಅದನ್ನು ಚಿಕ್ಕ ಇಂಗ್ಲೆಂಡ್ ಎಂದು ಕರೆದರು. ಬೆಟ್ಟಮುಗಿಲಾಳದ ಹೆಸರಿನಲ್ಲಿಯೇ ಬೆಟ್ಟವೂ ಮುಗಿಲೂ ಇವೆ; ಮಂಜು ತೆಳುವಾಗುವ ಹೊತ್ತಿಗೆ ಅಲ್ಲಿ ತೆಗೆದ ಚಿತ್ರಕ್ಕೆ ಬೇರೆ ಅಲಂಕಾರ ಬೇಡ. ಮಾಗಿಯಲ್ಲಿ ಕೃಷ್ಣಗಿರಿಯ ಕಡೆಯ ಮಾವಿನ ತೋಪುಗಳು ಹೂ ತಳೆದು ನಿಲ್ಲುವುವು. ಆದರೆ ತೋಪಿಗೆ ಒಡೆಯನುಂಟು, ರಾಗಿಯ ಹೊಲಕ್ಕೂ ಉಂಟು. ತೆನೆ ತುಳಿದು ಚಿತ್ರ ತೆಗೆಸಿಕೊಳ್ಳುವ ಮೊದಲು ಅವನನ್ನು ಒಂದು ಮಾತು ಕೇಳತಕ್ಕದ್ದು. ಬೆಳಕಿನ ವಿಷಯದಲ್ಲಿ ಛಾಯಾಗ್ರಾಹಕರು ಹೇಳುವುದು ಒಂದೇ: ಸೂರ್ಯ ಹುಟ್ಟಿದ ಮೊದಲ ಗಂಟೆ, ಮುಳುಗುವ ಮುನ್ನಿನ ಗಂಟೆ. ನಡುಹಗಲಿನ ಬಿಸಿಲು ಕಣ್ಣಿನ ಕುಳಿಗಳಲ್ಲಿ ಕಪ್ಪು ನೆರಳು ತುಂಬುವುದು, ಜರಿಯನ್ನು ಬರಿಯ ಬಿಳುಪಾಗಿ ಮಾಡುವುದು. ಆ ಹೊತ್ತಿನಲ್ಲೇ ತೆಗೆಯಬೇಕಾದರೆ ಹುಣಿಸೆಯ ಮರದ ನೆರಳು ಲೇಸು.

ಕೆಲವರಪಳ್ಳಿಯ ಅಣೆಕಟ್ಟನ್ನು ಕುರಿತು ಒಂದು ಎಚ್ಚರಿಕೆ. ದಕ್ಷಿಣ ಪಿನಾಕಿನಿಯಲ್ಲಿ ಬೆಂಗಳೂರಿನ ಕೊಳೆ ಹರಿದು ಬಂದು, ನೀರು ಬಿಟ್ಟಾಗ ಬೆಟ್ಟದಷ್ಟು ನೊರೆ ಏಳುವುದುಂಟು. ಚಿತ್ರದಲ್ಲಿ ಅದು ಹಿಮಾಲಯದಂತೆ ಕಾಣುವುದು. ಹತ್ತಿರ ಹೋದವರ ಮೂಗು ಬೇರೆ ಕಥೆ ಹೇಳುವುದು.

ಬೆಳಗು ಬೈಗುಗಳೇ ಚಿತ್ರಕ್ಕೆ ಒಳ್ಳೆಯ ಹೊತ್ತೆಂದೆವಲ್ಲವೆ? ನಮ್ಮ ಸೀಮೆಯಲ್ಲಿ ಅದು ಆನೆಗಳ ಹೊತ್ತು ಸಹ. ಕಾವೇರಿ ಉತ್ತರ ವನ್ಯಜೀವಿಧಾಮವು 2014ರಲ್ಲಿಯೂ ದಕ್ಷಿಣ ವನ್ಯಜೀವಿಧಾಮವು 2022ರಲ್ಲಿಯೂ ಘೋಷಿತವಾದುವು. ರಾಗಿ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳು ಜವಳಗಿರಿ, ತಳಿ, ಡೆಂಕಣಿಕೋಟೆಗಳ ಮಾರ್ಗವಾಗಿ ಬರುತ್ತವೆ. ಮದುವೆಯ ಋತುವೂ ಅದೇ ತಿಂಗಳುಗಳಲ್ಲಿ ಕೂಡಿಬರುತ್ತದೆ. ಆದುದರಿಂದ ಅಂಚೆಟ್ಟಿಯ ದಾರಿಯಲ್ಲಿ ಕಾಡಂಚಿಗೆ ಇಳಿಯುವವರು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಹೋಗಬೇಕು. ವನ್ಯಜೀವಿಧಾಮದೊಳಗೆ ಅಪ್ಪಣೆಯಿಲ್ಲದೆ ಕಾಲಿಡುವುದು 1972ರ ಕಾಯಿದೆಯಂತೆ ಅಪರಾಧ. ಡ್ರೋನ್ ಹಾರಿಸುವ ಮಾತನ್ನಂತೂ ಅಲ್ಲಿ ಎತ್ತಲೇಬಾರದು.

ನೀರಿನ ಅಪಾಯವು ಆನೆಗಿಂತ ಹಿರಿದು. 2019ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಊತಂಗರೈ ಬಳಿ ಪಾಂಬಾರಿನ ಅಣೆಕಟ್ಟಿನಲ್ಲಿ, ಚಿತ್ರ ತೆಗೆದುಕೊಳ್ಳಲು ನೀರಿಗಿಳಿದ ಒಂದೇ ಕುಟುಂಬದ ನಾಲ್ವರು ಮುಳುಗಿದರು. ಅವರಲ್ಲಿ ಒಬ್ಬಳು ಹೊಸ ಮದುವಣಗಿತ್ತಿ. ಮರುವರ್ಷ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ, ಮದುವೆಗೆ ಮುಂಚಿನ ಚಿತ್ರಕ್ಕಾಗಿ ತೆಪ್ಪವೇರಿದ ಜೋಡಿಯೊಂದು ತೆಪ್ಪ ಮಗುಚಿ ತೀರಿಕೊಂಡಿತು. ಹೊಗೆನಕಲ್ಲಿಗೆ ಹೋಗುವ ನಮ್ಮ ಮಕ್ಕಳು ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು, ರಕ್ಷಣೆಯ ಅಂಗಿಯನ್ನು ಚಿತ್ರಕ್ಕಾಗಿ ಕಳಚಬಾರದು. ಇದನ್ನು ಹೆತ್ತವರು ಮುನಿಸಿಲ್ಲದೆ ಹೇಳಿ ಕಳುಹಿಸಬೇಕು.

ಈಗ ಆ ಎರಡನೆಯ ಬಗೆಯ ಜೋಡಿಯ ವಿಚಾರ. ಇಂಗ್ಲೆಂಡಿನಲ್ಲಿ 1754ರಿಂದ, 21 ವರ್ಷ ತುಂಬದವರು ಹೆತ್ತವರ ಒಪ್ಪಿಗೆಯಿಲ್ಲದೆ ಮದುವೆಯಾಗುವುದನ್ನು ಕಾಯಿದೆಯು ತಡೆಯಿತು. ಸ್ಕಾಟ್ಲೆಂಡಿನಲ್ಲಿಯೋ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಂಡರೆ ಸಾಕಾಗಿತ್ತು. ಪ್ರೇಮಿಗಳು ಗಾಡಿಯೇರಿ ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿ ಮದುವೆಯಾದರು. 1856ರಲ್ಲಿ, ಇಬ್ಬರಲ್ಲಿ ಒಬ್ಬರಾದರೂ 21 ದಿನ ಅಲ್ಲಿ ನೆಲೆಸಿರಬೇಕೆಂಬ ನಿಯಮ ಬರುವವರೆಗೂ ಆ ಓಟ ತಗ್ಗಲಿಲ್ಲ. ಗಡಿಯ ಎರಡು ಮಗ್ಗುಲಲ್ಲಿ ಎರಡು ಕಾಯಿದೆ ಇರುವುದನ್ನು ಗಡಿಯವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೂ ವಿವಾಹ ಕಾಯಿದೆಗೆ ಮದರಾಸು ಶಾಸನಸಭೆಯು 1967ರಲ್ಲಿ, ಅಣ್ಣಾದೊರೆಯವರ ಕಾಲದಲ್ಲಿ, 7-ಎ ಎಂಬ ವಿಧಿಯನ್ನು ಸೇರಿಸಿತು. ಅದರಂತೆ ಪುರೋಹಿತರು ಬೇಡ, ಹೋಮ ಬೇಡ. ಬಂಧುಗಳೋ ಗೆಳೆಯರೋ ಬೇರೆ ಯಾರೋ ಎದುರಿಗಿರುವಾಗ, ನೀನು ನನ್ನ ಹೆಂಡತಿ, ನೀನು ನನ್ನ ಗಂಡ ಎಂದು ನುಡಿದರೆ, ಅಥವಾ ಹಾರವನ್ನೋ ಉಂಗುರವನ್ನೋ ಬದಲಿಸಿಕೊಂಡರೆ, ತಾಳಿ ಕಟ್ಟಿದರೆ, ಮದುವೆ ಸಿಂಧು. ಆ ಮಾತನ್ನು ಯಾವ ಭಾಷೆಯಲ್ಲಿ ನುಡಿಯಬೇಕು? ಇಬ್ಬರಿಗೂ ತಿಳಿಯುವ ಯಾವ ಭಾಷೆಯಾದರೂ ಆದೀತೆಂದು ವಿಧಿಯೇ ಹೇಳುತ್ತದೆ. ಕನ್ನಡದಲ್ಲಿ ನುಡಿದ ಮಾತೂ ತಮಿಳುನಾಡಿನ ಕಾಯಿದೆಗೆ ಪೂರ್ಣ ಸಮ್ಮತವೆಂಬುದನ್ನು ಸಂಘದ ಸದಸ್ಯರು ಮರೆಯದಿರಲಿ. ಇಂತಹ ಮದುವೆ ಬಹಿರಂಗವಾಗಿ ನಡೆಯಲೇಬೇಕೆಂದಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆ ಬಳಿಕ 90 ದಿನಗಳೊಳಗೆ ನೋಂದಣಿ ಮಾಡಿಸಬೇಕೆಂದು 2009ರ ತಮಿಳುನಾಡು ಕಾಯಿದೆಯ ಕಟ್ಟಳೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು; ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ.

ಛಾಯಾಚಿತ್ರವನ್ನೇ ಮದುವೆಯೆಂದು ನಂಬುವ ಮಕ್ಕಳಿಗೆ ಶಕುಂತಲೆಯನ್ನು ನೆನಪಿಸಬೇಕು. ಕಣ್ವರ ಆಶ್ರಮಕ್ಕಿಂತ ಚೆಲುವಾದ ತಾಣವೆಲ್ಲಿಯದು! ಆದರೂ ಉಂಗುರವೊಂದು ನೀರಿಗೆ ಬಿದ್ದೊಡನೆ ತುಂಬಿದ ಸಭೆಯಲ್ಲಿ ಆಕೆಗೆ ಆಧಾರವಿಲ್ಲವಾಯಿತು.

2018ರ ನವೆಂಬರನ್ನು ಹೇಳದೆ ಮುಂದೆ ಹೋಗಲಾರೆವು. ಹೊಸೂರು ಸೀಮೆಯ, ಜಾತಿ ಮೀರಿ ಮದುವೆಯಾಗಿದ್ದ ಇಬ್ಬರು ಎಳೆಯರ ದೇಹಗಳು ಶಿವನಸಮುದ್ರದ ಬಳಿ ಕಾವೇರಿಯಲ್ಲಿ ದೊರೆತುವು. ಹೆಣ್ಣಿನ ಬಂಧುಗಳೇ ಸೆರೆಯಾದರು. ಅದೇ ವರ್ಷದ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು, ಇಂತಹ ದಂಪತಿಗಳಿಗೆ ಪೊಲೀಸರು ರಕ್ಷಣೆ ಕೊಡಬೇಕು, ಜಿಲ್ಲೆಗಳಲ್ಲಿ ಸುರಕ್ಷಿತ ನೆಲೆಗಳ ಏರ್ಪಾಡಾಗಬೇಕು ಎಂದು ವಿಧಿಸಿತ್ತು. ಆದುದರಿಂದ ಭಯವಿರುವ ಜೋಡಿಗೆ ನಮ್ಮ ಸಲಹೆ ಬೇರೆ. ನಿರ್ಜನವಾದ ಬೆಟ್ಟವೂ ಅಣೆಕಟ್ಟೂ ಅವರಿಗೆ ತಕ್ಕುವಲ್ಲ. ಜನವಿರುವ, ನೋಂದಣಿ ಕಚೇರಿಗೆ ಸಮೀಪವಾದ ಎಡೆ ಸಾಕು. ಹಿನ್ನೆಲೆಯಿಂದ ಊರನ್ನು ಗುರುತಿಸಬಹುದಾದ ಚಿತ್ರವನ್ನು ಅಂದೇ ಫೋನಿನಲ್ಲಿ ಹರಡಬಾರದು. ಮೊದಲು ಪೊಲೀಸು ಠಾಣೆಗೆ ಬರಹದಲ್ಲಿ ತಿಳಿಸಿ, ಅದರ ಪ್ರತಿಯನ್ನು ನಂಬಿಕೆಯ ಒಬ್ಬರ ಬಳಿ ಇರಿಸಬೇಕು. ಚೆಲುವಾದ ಚಿತ್ರ ಮುಂದಿನ ವರ್ಷವೂ ತೆಗೆಸಬಹುದು.

ಹೆತ್ತವರೊಡನೆಯೂ ಒಂದು ಮಾತು. ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ‘ಮಂತ್ರ ಮಾಂಗಲ್ಯ’ದ ಸರಳ ರೀತಿಯಲ್ಲಿ ನೆರವೇರಿಸಿದರು. ವರದಕ್ಷಿಣೆಯಿಲ್ಲ, ಆಡಂಬರವಿಲ್ಲ, ವಧೂವರರಿಗೆ ತಿಳಿಯುವ ಕನ್ನಡದಲ್ಲಿಯೇ ಪ್ರತಿಜ್ಞೆ. ತೀರ್ಥಹಳ್ಳಿಯ ಬಳಿಯ ಕುಪ್ಪಳಿಯಲ್ಲಿ, ಮರಗಿಡಗಳ ನಡುವೆ, ಇಂದಿಗೂ ಈ ಬಗೆಯ ಮದುವೆಗಳು ನಡೆಯುತ್ತವೆ. ಅಂತಹುದನ್ನು ನಮ್ಮ ಕೆರೆಯ ಏರಿಯ ಮೇಲೆ, ಹೊಂಗೆಯ ನೆರಳಿನಲ್ಲಿ, ನಾವೇ ಮುಂದೆ ನಿಂತು ಏಕೆ ಮಾಡಿಸಬಾರದು? ಮಗಳು ರಾತ್ರಿಯ ಬಸ್ಸಿಗೆ ಹೋಗಬೇಕಾದುದಾದರೂ ಏಕೆ?

ಸಂಘದ ವಾಚನಾಲಯದಲ್ಲಿ ‘ಮಂತ್ರ ಮಾಂಗಲ್ಯ’ದ ಹತ್ತು ಪ್ರತಿಗಳಿರಬೇಕೆಂದು ಕಾರ್ಯಸಮಿತಿಯವರನ್ನು ಬೇಡುವೆವು. ಮಾತು ಕೊಡುವ ಜೋಡಿಯ ಎದುರಿಗೆ ಸಾಕ್ಷಿಯಾಗಿ ನಿಂತು ಸಹಿ ಹಾಕಲು ಒಪ್ಪುವ ಹಿರಿಯರು, ಕಾಫಿಯ ಹೊತ್ತಿನಲ್ಲಿ ತಮ್ಮ ಹೆಸರನ್ನು ಕಾರ್ಯದರ್ಶಿಯವರಿಗೆ ಬರೆಸಬಹುದು. ನಮ್ಮ ಹೆಸರನ್ನು ಈಗಾಗಲೇ ಬರೆಸಿದ್ದೇವೆ.