ಬೆಟ್ಟದ ಮೇಲಿನ ಮನೆ, ಕಡಲಾಚೆಯ ಮಣ್ಣು

ನಂದಿಬೆಟ್ಟಕ್ಕೆ ಹೋದವರು ಕಬ್ಬನ್ ಸಾಹೇಬರ ಬಂಗಲೆಯನ್ನು ನೋಡಿರುತ್ತೀರಿ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರಿಗೆ ಬೆಟ್ಟದ ತಂಪು ಅಚ್ಚುಮೆಚ್ಚು. ನಿವೃತ್ತರಾಗಿ ಹಡಗು ಹತ್ತಿದರು, ಊರು ಮುಟ್ಟಲಿಲ್ಲ. ದಾರಿಯಲ್ಲಿ, ಸೂಯೆಜ್‌ನಲ್ಲಿ, ತೀರಿಕೊಂಡರು. ದೇಹ ಮಾತ್ರ ಹುಟ್ಟೂರಾದ ಐಲ್ ಆಫ್ ಮ್ಯಾನ್ ದ್ವೀಪ ಸೇರಿತು.

ಎಲ್ಲರಿಗೂ ಅಷ್ಟೂ ಸಿಗುವುದಿಲ್ಲ. ರಷ್ಯದ ಕ್ರಾಂತಿಯ ನಂತರ, 1920ರಲ್ಲಿ, ಸೋತ ಪಕ್ಷದ ನೌಕಾಪಡೆ ಕ್ರೈಮಿಯಾ ಬಿಟ್ಟು ಟುನೀಷಿಯಾದ ಬಿಜೆರ್ಟ್ ಬಂದರಿಗೆ ಬಂತು. 1924ರಲ್ಲಿ, ಆಗ ಟುನೀಷಿಯಾವನ್ನು ಆಳುತ್ತಿದ್ದ ಫ್ರಾನ್ಸ್ ಸೋವಿಯತ್ ಸರ್ಕಾರವನ್ನು ಒಪ್ಪಿತು, ಹಡಗುಗಳ ಮೇಲಿನ ಬಾವುಟ ಇಳಿಯಿತು. ಸಮುದ್ರ ಆಳಿದ ಅಧಿಕಾರಿಗಳಲ್ಲಿ ಹಲವರು ಅಲ್ಲಿಯೇ ಉಳಿದರು. ಕೊನೆಯ ದಂಡನಾಯಕ ಬೆರೆನ್ಸ್ ಕೂಡ ಟುನೀಷಿಯಾದ ಮಣ್ಣಿನಲ್ಲೇ ಇದ್ದಾರೆ.

ನಮ್ಮ ಬೆಂಗಳೂರಿನ ಕಡೆಯೂ ಒಂದು ರಷ್ಯನ್ ಸಮಾಧಿ ಇದೆ, ನೌಕಾಧಿಕಾರಿಯದಲ್ಲ, ಚಿತ್ರಕಾರನದು. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ನಟಿ ದೇವಿಕಾರಾಣಿಯವರನ್ನು 1945ರಲ್ಲಿ ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದರು. ಅಲ್ಲಿ ಸುಗಂಧ ತೈಲ ಕೊಡುವ ಲಿನಾಲೋ ಮರಗಳನ್ನು ಬೆಳೆಸಿದರು. 1993ರ ಜನವರಿ 30ರಂದು ತೀರಿಕೊಂಡ ಅವರು, ಮರುವರ್ಷ ಹೋದ ದೇವಿಕಾರಾಣಿ, ಇಬ್ಬರೂ ಆ ತೋಟದ ಮಣ್ಣಿನಲ್ಲೇ ಇದ್ದಾರೆ.

ಕಬ್ಬನ್ನರ ಬಂಗಲೆಯ ಮುಂದೆ ಈ ಹೊತ್ತಿಗೆ ಮಂಜು ಇನ್ನೂ ಕರಗಿರುವುದಿಲ್ಲ.