ಸಮೀಕ್ಷೆ ತೀರ್ಪಲ್ಲ



ಚುನಾವಣೆ ಬಂತೆಂದರೆ ಕೊಪ್ಪಳದ ಚಹಾದಂಗಡಿಯಿಂದ ಗಂಗಾವತಿಯ ಅಕ್ಕಿ ಗಿರಣಿಯವರೆಗೆ ಸಮೀಕ್ಷೆಯದ್ದೇ ಚರ್ಚೆ. 2004ರಲ್ಲಿ ಬಹುತೇಕ ಸಮೀಕ್ಷೆಗಳು ವಾಜಪೇಯಿ ಸರಕಾರ ಮರಳುವುದೆಂದವು, ಮರಳಲಿಲ್ಲ. 2024ರ ಜೂನ್ 1ರಂದು ಒಂದು ಪ್ರಮುಖ ಸಂಸ್ಥೆ ಎನ್‌ಡಿಎಗೆ 361ರಿಂದ 401 ಸ್ಥಾನಗಳೆಂದಿತು, ಬಂದದ್ದು 293. ಅದೇ ಸಂಸ್ಥೆ 2023ರಲ್ಲಿ ಕರ್ನಾಟಕದ ಕಾಂಗ್ರೆಸ್ಸಿಗೆ 122ರಿಂದ 140 ಎಂದಿತ್ತು, ಬಂದದ್ದು 135. ಆದ್ದರಿಂದ ಸಮೀಕ್ಷೆಗಳೆಲ್ಲ ಮೋಸವೆನ್ನುವುದೂ ನ್ಯಾಯವಲ್ಲ. ತಪ್ಪು ಎಲ್ಲಿ ನುಸುಳುತ್ತದೆಂಬುದನ್ನು ನಾವು ಅರಿಯಬೇಕು.

ಮೊದಲನೆಯದು, ಯಾರನ್ನು ಕೇಳಲಾಯಿತು ಎಂಬುದು. ಸಾವಿರ ಮಂದಿಯನ್ನು ಕ್ರಮಬದ್ಧವಾಗಿ ಆರಿಸಿ ಕೇಳಿದರೂ ಸುಮಾರು ಶೇ. 3ರಷ್ಟು ಏರುಪೇರು ಸಹಜ. ಈ ಲೆಕ್ಕದೊಳಗೆ ಉತ್ತರಿಸದವರಿಲ್ಲ, ಸುಳ್ಳುತ್ತರ ನೀಡಿದವರಿಲ್ಲ. ಕುಷ್ಟಗಿ, ಯಲಬುರ್ಗಾಗಳಿಂದ ಗುಳೆ ಹೋದವರು ಸಮೀಕ್ಷಕನಿಗೆ ಸಿಗುವುದಿಲ್ಲ. ಬಾಗಿಲಲ್ಲಿ ಗಂಡಸು ಉತ್ತರಿಸುತ್ತಾನೆ. ಹೆಣ್ಣುಮಕ್ಕಳು ಒಳಗೇ ಉಳಿಯುತ್ತಾರೆ. ಅಂಜುವವನು ಎದುರಿಗಿರುವವನಿಗೆ ಹಿತವಾದುದನ್ನೇ ಹೇಳುತ್ತಾನೆ.

ಎರಡನೆಯದು, ಮತವನ್ನು ಸ್ಥಾನವಾಗಿಸುವ ಲೆಕ್ಕ. 2018ರಲ್ಲಿ ಕಾಂಗ್ರೆಸ್ ಶೇ. 38 ಮತ ಪಡೆದು 80 ಸ್ಥಾನ ಗೆದ್ದಿತು, ಬಿಜೆಪಿ ಶೇ. 36 ಪಡೆದು 104. ಐದು ವರ್ಷಗಳ ಬಳಿಕವೂ ಬಿಜೆಪಿಯ ಮತ ಶೇ. 36ರಲ್ಲೇ ಇತ್ತು, ಸ್ಥಾನಗಳು ಮಾತ್ರ 66ಕ್ಕೆ ಇಳಿದವು.

ಮೂರನೆಯದು, ಸರಾಸರಿಯ ಭ್ರಮೆ. 2023ರಲ್ಲಿ ಕೊಪ್ಪಳ, ಯಲಬುರ್ಗಾ ಕಾಂಗ್ರೆಸ್ಸಿಗೆ, ಕುಷ್ಟಗಿ ಬಿಜೆಪಿಗೆ ಒಲಿದವು. ಗಂಗಾವತಿಯಲ್ಲಿ ಗೆದ್ದವರು, 2022ರ ಡಿಸೆಂಬರಿನಲ್ಲಷ್ಟೇ ಹುಟ್ಟಿದ ಪಕ್ಷದ ಜನಾರ್ದನ ರೆಡ್ಡಿ. ರಾಜ್ಯದ ಯಾವ ಸರಾಸರಿ ಈ ನಾಲ್ಕು ಊರುಗಳ ಮನಸ್ಸನ್ನು ಹೇಳೀತು?

ಇನ್ನು ವರದಿಗಾರಿಕೆ. ಸಂಸ್ಥೆ '361ರಿಂದ 401' ಎಂದರೆ ವಾಹಿನಿ '400' ಎಂದು ಕೂಗುತ್ತದೆ. ಎಷ್ಟು ಮಂದಿಯನ್ನು, ಯಾವಾಗ, ಯಾರ ಖರ್ಚಿನಲ್ಲಿ ಕೇಳಲಾಯಿತೆಂಬುದು ಮರೆಯಾಗುತ್ತದೆ. ಪತ್ರಕರ್ತನಾಗಿ ಈ ದೋಷದಲ್ಲಿ ನಮ್ಮ ಪಾಲನ್ನೂ ಒಪ್ಪಿಕೊಳ್ಳುತ್ತೇನೆ.

ಮತಗಟ್ಟೆ ಸಮೀಕ್ಷೆಯನ್ನು ಕೊನೆಯ ಹಂತದ ಮತದಾನ ಮುಗಿಯುವವರೆಗೆ ಪ್ರಕಟಿಸದಂತೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ಎ ಸೆಕ್ಷನ್ ತಡೆಯುತ್ತದೆ. ಆದರೆ ವಾರಗಳ ಮುಂಚೆಯೇ ಬರುವ ಜನಾಭಿಪ್ರಾಯ ಸಮೀಕ್ಷೆಗೆ ಆ ತಡೆಯಿಲ್ಲ. 'ಹೇಗೂ ಗೆಲ್ಲುತ್ತಾರೆ' ಎಂದು ಒಬ್ಬರು, 'ಹೇಗೂ ಸೋಲುತ್ತಾರೆ' ಎಂದು ಇನ್ನೊಬ್ಬರು ಮನೆಯಲ್ಲಿ ಕುಳಿತರೆ ನಷ್ಟ ಯಾರಿಗೆ? ಗಂಗಾವತಿಯ ಅಂದಿನ ಅಂತರ ಸುಮಾರು 8 ಸಾವಿರ ಮತಗಳು ಮಾತ್ರ. ಸಮೀಕ್ಷೆಯನ್ನು ಓದೋಣ, ಪ್ರಶ್ನಿಸೋಣ. ಆದರೆ ತೀರ್ಪನ್ನು ಮತಗಟ್ಟೆಯ ಸಾಲಿನಲ್ಲಿ ನಿಂತು ನಾವೇ ಬರೆಯೋಣ.