ಒಂದು ‘ಎ’ ಬಿಟ್ಟುಹೋದಾಗ



ಒಂಬತ್ತನೇ ತರಗತಿಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಅಡ್ಜೆಕ್ಟಿವ್, ಅಂದರೆ ವಿಶೇಷಣದ ಬಗೆಗಳನ್ನು ಬರೆಸಿದ್ದರು. ‘ಗುಡ್’ ಗುಣ ಹೇಳುತ್ತದೆ. ‘ಮಚ್’ ಪರಿಮಾಣ, ‘ಮೆನಿ’ ಸಂಖ್ಯೆ. ಎಣ್ಣೆಗೆ ಮಚ್, ತೆಂಗಿನಕಾಯಿಗೆ ಮೆನಿ. ‘ದಿಸ್’, ‘ದಟ್’ ಬೊಟ್ಟುಮಾಡಿ ತೋರಿಸುತ್ತವೆ. ‘ಈಚ್’, ‘ಎವ್ರಿ’ ಒಂದೊಂದನ್ನೂ ಲೆಕ್ಕಕ್ಕೆ ತರುತ್ತವೆ. ನಾನು ಬಾಯಿಪಾಠ ಮಾಡಿ ಅಂಕ ತೆಗೆದೆ, ಆಮೇಲೆ ಮರೆತೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ತಂತ್ರಾಂಶ ಪರೀಕ್ಷಿಸಿ ‘ಫ್ಯೂ ಎರರ್ಸ್ ರಿಮೇನ್’ ಎಂದು ಮೇಲ್ ಕಳಿಸಿದೆ. ಇನ್ನೂ ಕೆಲವು ತಪ್ಪುಗಳಿವೆ, ತಡೆಯಿರಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಓದಿದವರು ತಪ್ಪುಗಳು ಇಲ್ಲವೆನ್ನುವಷ್ಟು ಕಡಿಮೆ ಎಂದುಕೊಂಡು ಅದನ್ನು ಗ್ರಾಹಕರಿಗೆ ಕಳಿಸಿಬಿಟ್ಟರು. ಮರುದಿನವೇ ದೂರು ಬಂತು. ನಾನು ಬರೆಯಬೇಕಾಗಿದ್ದದ್ದು ‘ಎ ಫ್ಯೂ’. ‘ಲಿಟಲ್’, ‘ಎ ಲಿಟಲ್’ ಕಥೆಯೂ ಇದೇ.

ಆ ರಾತ್ರಿ ಮೇಷ್ಟ್ರ ಮಾತು ನೆನಪಾಯಿತು: “ಕೊಡದಲ್ಲಿ ಸ್ವಲ್ಪ ನೀರಿದೆ ಅಂದರೆ ಕುಡಿಯಬಹುದು. ಸ್ವಲ್ಪವೇ ಇದೆ ಅಂದರೆ ಬಾವಿಗೆ ಹೋಗಬೇಕು.” ತರಗತಿಯಲ್ಲಿ ಇದಕ್ಕೆ ನಾವೆಲ್ಲ ನಕ್ಕಿದ್ದೆವು.

ಮಕ್ಕಳೇ, ಇಂಗ್ಲಿಷಿಗೆ ಹೆದರಬೇಡಿ. ಕೆಲವು ಯಾವುದು, ಕೆಲವೇ ಯಾವುದು ಎಂದು ನಿಮಗೆ ಮನೆಮಾತಿನಲ್ಲೇ ಗೊತ್ತು. ಹೊಸ ಪದ ಬಂದಾಗ ಬಾಯಿಪಾಠಕ್ಕೆ ಮೊದಲು ಅದನ್ನು ಕನ್ನಡದಲ್ಲಿ ಹೇಳಿ ನೋಡಿ. ಅರ್ಥವಾಗದಿದ್ದರೆ ಕೈ ಎತ್ತಿ ಕೇಳಿ, ನಾನು ಕೇಳಿರಲಿಲ್ಲ.

ಮೇಷ್ಟ್ರೇ, ಆ ಪಾಠ ತಡವಾಗಿ ಅರ್ಥವಾಯಿತು. ನಿಮಗೆ ನನ್ನ ನಮಸ್ಕಾರ.